ನಮ್ಮ ಮುಖ, ನಮ್ಮ ಧ್ವನಿ ಯಾರ ವಶದಲ್ಲಿದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ ಧರ್ಮಸಭೆ 1967ರಿಂದ ಪ್ರತಿ ವರ್ಷ ವಿಶ್ವ ಸಂಪರ್ಕ ದಿನವನ್ನು ಆಚರಿಸುತ್ತಾ ಬಂದಿದೆ. 2026ರದ್ದು 60ನೆಯ ದಿನ. ಅದಕ್ಕಾಗಿ ಪೋಪ್ ಹದಿನಾಲ್ಕನೇ ಲಿಯೋ ಆರಿಸಿಕೊಂಡ ವಿಷಯ ಮನುಷ್ಯರ ಧ್ವನಿ ಮತ್ತು ಮುಖಗಳನ್ನು ಕಾಪಾಡಿಕೊಳ್ಳುವುದು. ಮೇಲ್ನೋಟಕ್ಕೆ ಇದು ದೊಡ್ಡ ದೊಡ್ಡ ಕಂಪೆನಿಗಳಿಗೆ, ವಿಜ್ಞಾನಿಗಳಿಗೆ ಹೇಳಿದ ಮಾತಿನಂತೆ ಕಾಣುತ್ತದೆ. ಬೆಳಿಗ್ಗೆ ಪೂಜೆಗೆ ಹೋಗಿ, ಸಂಜೆ ಜಪಸರ ಹೇಳಿ, ಮಧ್ಯೆ ಹತ್ತಾರು ಬಾರಿ ಮೊಬೈಲ್ ನೋಡುವ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೂ ಈ ಮಾತಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು.

ಬಹಳ ಹತ್ತಿರದ ಸಂಬಂಧವಿದೆ ಎಂಬುದೇ ಈ ಲೇಖನದ ವಾದ. ಅಂತರ್ಜಾಲ ಈಗ ನಮಗೆ ಸುದ್ದಿ ತಲುಪಿಸುವ ಸಾಧನ ಮಾತ್ರವಾಗಿ ಉಳಿದಿಲ್ಲ. ನಮ್ಮ ಭಾಷೆಯಲ್ಲಿ ಯಾವುದು ಉಳಿಯಬೇಕು, ಯಾವ ಹಾಡು ಕೇಳಬೇಕು, ಮದುವೆ ಹೇಗೆ ನಡೆಯಬೇಕು, ಕೊನೆಗೆ ನಮ್ಮ ಮಕ್ಕಳು ತಮ್ಮನ್ನು ತಾವು ಏನೆಂದು ತಿಳಿದುಕೊಳ್ಳಬೇಕು ಎಂಬುದನ್ನೂ ಅದು ಸದ್ದಿಲ್ಲದೆ ತೀರ್ಮಾನಿಸುತ್ತಿದೆ. ಇದರಲ್ಲಿ ಒಳಿತೂ ಇದೆ, ಅಪಾಯವೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಅಗತ್ಯ.

ಧರ್ಮಸಭೆ ಯಂತ್ರಕ್ಕೆ ಹೆದರಿದ್ದಿಲ್ಲ

2025ರ ಮೇ 8ರಂದು ಆಯ್ಕೆಯಾದ ಹೊಸ ಪೋಪರು ಎರಡೇ ದಿನಗಳಲ್ಲಿ ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಕಾರಣವನ್ನು ವಿವರಿಸಿದರು. ಹದಿಮೂರನೇ ಲಿಯೋ 1891ರಲ್ಲಿ ಕಾರ್ಖಾನೆಗಳ ಯುಗದ ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದರು. ಇಂದು ಕೃತಕ ಬುದ್ಧಿಮತ್ತೆಯ ರೂಪದಲ್ಲಿ ಇನ್ನೊಂದು ಕೈಗಾರಿಕಾ ಕ್ರಾಂತಿ ಬಂದಿದೆ. ಮಾನವ ಘನತೆ, ನ್ಯಾಯ ಮತ್ತು ದುಡಿಮೆಯನ್ನು ಅದು ಮತ್ತೆ ಪ್ರಶ್ನೆಗೆ ಒಡ್ಡಿದೆ ಎಂಬುದು ಅವರ ಮಾತಿನ ಸಾರ. ಹದಿಮೂರನೇ ಲಿಯೋ ನಮಗೆ ಪರಕೀಯರಲ್ಲ. ಅವರ ಕಾಲದಲ್ಲೇ, 1878ರ ಕೊನೆಯಲ್ಲಿ ಯೇಸು ಸಭೆಯ ಗುರುಗಳು ಮಂಗಳೂರಿಗೆ ಬಂದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾದದ್ದೂ ಅವರ ಕಾಲದಲ್ಲೇ.

ಆ ಗುರುಗಳು ಆ ಕಾಲದ ಹೊಸ ಯಂತ್ರವನ್ನು ಹೇಗೆ ಬಳಸಿದರು ಎಂಬುದನ್ನು ನೆನೆಯಬೇಕು. ಮಂಗಳೂರಿನಲ್ಲಿ ಅಚ್ಚುಕೂಟವನ್ನು ಮೊದಲು ತಂದವರು ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಷನ್‌ನವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂತು. ಇಟಲಿಯಿಂದ ಬಂದ ಯೇಸು ಸಭೆಯ ಫಾದರ್ ಆಂಜೆಲೊ ಮಾಫೆಯಿ ಕೊಂಕಣಿ ಕಲಿತು, 1882ರಲ್ಲಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಅವು ಅಚ್ಚಾದದ್ದು ಅದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಹೊರಬಂದವು. ನಮ್ಮ ಹಿರಿಯರು ಯಂತ್ರ ಬಂದಾಗ ದೂರ ನಿಲ್ಲಲಿಲ್ಲ. ಅದರ ಮೂಲಕ ತಮ್ಮ ಮಾತನ್ನೇ ಅಚ್ಚು ಹಾಕಿದರು.

ಅಂತರ್ಜಾಲದ ವಿಷಯದಲ್ಲೂ ಧರ್ಮಸಭೆ ಹಿಂದೆ ಬೀಳಲಿಲ್ಲ. ಭಾರತದ ಸಾಮಾನ್ಯ ಜನರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದೇ ವರ್ಷದ ಕ್ರಿಸ್ಮಸ್ ವೇಳೆಗೆ ವ್ಯಾಟಿಕನ್ನಿನ ಜಾಲತಾಣ ಆರಂಭವಾಗಿತ್ತು. ಸಂತ ಎರಡನೇ ಜಾನ್ ಪೌಲರು 2001ರ ನವೆಂಬರ್‌ನಲ್ಲಿ ಓಷಿಯಾನಿಯಾದ ಧರ್ಮಸಭೆಗೆ ಬರೆದ ಪತ್ರವನ್ನು ಅಂತರ್ಜಾಲದ ಮೂಲಕವೇ ಕಳುಹಿಸಿದರು. 2002ರಲ್ಲಿ ವ್ಯಾಟಿಕನ್ ಅಂತರ್ಜಾಲದ ಕುರಿತು ಎರಡು ದಾಖಲೆಗಳನ್ನು ಪ್ರಕಟಿಸಿತು. ಒಂದು ಧರ್ಮಸಭೆ ಅದನ್ನು ಬಳಸುವ ಬಗೆಗೆ, ಇನ್ನೊಂದು ಅದರ ನೀತಿಯ ಬಗೆಗೆ. ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ಯೂಟ್ಯೂಬ್ 2005ರಲ್ಲಿ. ಅಂದರೆ ಇಂದು ನಮ್ಮ ಕೈಯಲ್ಲಿರುವ ವೇದಿಕೆಗಳು ಹುಟ್ಟುವ ಮೊದಲೇ ಧರ್ಮಸಭೆ ಎಚ್ಚರದ ಮಾತನ್ನೂ ಭರವಸೆಯ ಮಾತನ್ನೂ ಒಟ್ಟಿಗೆ ಹೇಳಿತ್ತು.

ಬೆಸೆದದ್ದನ್ನು ಮರೆಯಬಾರದು

ಕರಾವಳಿಯ ಕ್ರೈಸ್ತರು ವಲಸೆಯ ಜನ. ಮುಂಬಯಿ, ನಂತರ ಕೊಲ್ಲಿ ರಾಷ್ಟ್ರಗಳು, ಈಗ ಕೆನಡಾ, ಆಸ್ಟ್ರೇಲಿಯಾ, ಇಸ್ರೇಲ್. ಊರಿನಲ್ಲಿ ವೃದ್ಧ ತಂದೆತಾಯಿ, ದೂರದಲ್ಲಿ ದುಡಿಯುವ ಮಕ್ಕಳು. ಒಂದು ಕಾಲದಲ್ಲಿ ಮೊಂತಿ ಹಬ್ಬದ ಆಶೀರ್ವದಿಸಿದ ತೆನೆಯ ನಾಲ್ಕು ಕಾಳನ್ನು ಪತ್ರದೊಳಗೆ ಇಟ್ಟು ದೂರದ ಮಕ್ಕಳಿಗೆ ಕಳುಹಿಸುತ್ತಿದ್ದರು. ಆ ಕಾಳು ತಲುಪಿದ ದಿನ ಅಲ್ಲಿ ಹಬ್ಬ. ಇಂದು ಸೆಪ್ಟೆಂಬರ್ 8ರಂದು ಇಲ್ಲಿ ಮಕ್ಕಳು ಕನ್ಯಾಮರಿಯಮ್ಮನವರಿಗೆ ಹೂ ಅರ್ಪಿಸುವುದನ್ನು ದುಬೈಯ ಕೋಣೆಯಲ್ಲಿ ಕುಳಿತವರು ಅದೇ ಕ್ಷಣ ನೋಡುತ್ತಾರೆ. ರಜೆ ಸಿಗದೆ ತಾಯಿಯ ಅಂತ್ಯಕ್ರಿಯೆಗೆ ಬರಲಾಗದ ಮಗ ಕೊನೆಯ ಬಾರಿ ಆ ಮುಖವನ್ನು ನೋಡುವುದು ಮೊಬೈಲಿನ ಪರದೆಯಲ್ಲೇ. ಇದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಈ ಉಪಕಾರ ಎಲ್ಲರಿಗೂ ಅರ್ಥವಾಯಿತು. ಆ ತಿಂಗಳ 27ರಂದು ಮಳೆಯಲ್ಲಿ ನೆನೆದ, ಜನರೇ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತು ಜಗತ್ತಿಗಾಗಿ ಪ್ರಾರ್ಥಿಸಿದ್ದನ್ನು ನಾವೆಲ್ಲ ನೋಡಿದ್ದು ಪರದೆಯ ಮೇಲೆ. ಆ ತಿಂಗಳುಗಳಲ್ಲಿ ನಮ್ಮ ಚರ್ಚುಗಳ ಪೂಜೆ ಮನೆ ಮನೆ ತಲುಪಿತು.

ಆದರೆ 2002ರ ದಾಖಲೆ ಹೇಳಿದ ಮಾತನ್ನು ಆಗಲೂ ಈಗಲೂ ಮರೆಯುವಂತಿಲ್ಲ. ಪರದೆಯ ಮೇಲಿನ ಅನುಭವ ಪರಮಪ್ರಸಾದದಲ್ಲಿರುವ ಕ್ರಿಸ್ತರ ನಿಜ ಸನ್ನಿಧಿಗೆ ಬದಲಿಯಾಗದು, ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ. ಹಾಸಿಗೆ ಹಿಡಿದ ಅಜ್ಜಿಗೆ ಪರದೆಯ ಪೂಜೆ ದೊಡ್ಡ ಸಾಂತ್ವನ. ಗಟ್ಟಿಮುಟ್ಟಾದ ಮೊಮ್ಮಗನಿಗೆ ಅದು ಬರೀ ಸೋಮಾರಿತನದ ನೆಪವಾಗಬಹುದು. ಸಾಧನ ಒಂದೇ ಆದರೂ ಒಬ್ಬರನ್ನು ಧರ್ಮಸಭೆಗೆ ಹತ್ತಿರ ತರುತ್ತದೆ, ಇನ್ನೊಬ್ಬರನ್ನು ದೂರ ಒಯ್ಯುತ್ತದೆ. ಮುಂದಿನ ಮಾತುಗಳಿಗೆಲ್ಲ ಇದೇ ಅಳತೆಗೋಲು.

ಯಂತ್ರಕ್ಕೆ ಗೊತ್ತಿರುವ ಕೊಂಕಣಿ ಯಾವುದು?

ಮೊದಲು ಭಾಷೆಯನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಈ ನಾಲ್ಕನ್ನೂ ಹೊತ್ತುಕೊಂಡವರೇ ಕರಾವಳಿಯ ಕ್ರೈಸ್ತರು. 2022ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ತನ್ನ ಅನುವಾದ ಸೇವೆಗೆ ಕೊಂಕಣಿಯನ್ನು ಸೇರಿಸಿತು. 2024ರ ಜೂನ್‌ನಲ್ಲಿ ಸೇರಿದ 110 ಭಾಷೆಗಳಲ್ಲಿ ತುಳುವೂ ಇತ್ತು. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಕೊಂಕಣಿಗೂ, ಇನ್ನೂ ಸೇರದ ತುಳುವಿಗೂ ಇದು ಸಂತಸದ ಸುದ್ದಿಯೇ.

ಆದರೆ ಅಲ್ಲಿ ಕೊಂಕಣಿ ಕಾಣಿಸಿಕೊಳ್ಳುವುದು ದೇವನಾಗರಿ ಲಿಪಿಯಲ್ಲಿ. ನಮ್ಮ ಜಪದ ಪುಸ್ತಕ, ಗಾಯನದ ಪುಸ್ತಕ, 'ರಾಕ್ಣೊ' ಪತ್ರಿಕೆ ಎಲ್ಲವೂ ಕನ್ನಡ ಲಿಪಿಯವು. ಲಿಪಿ ಮಾತ್ರವಲ್ಲ, ಮಾತಿನ ಧಾಟಿ, ಪದಗಳು, ತುಳು-ಕನ್ನಡದಿಂದ ಬಂದು ನಮ್ಮವೇ ಆದ ನುಡಿಗಟ್ಟುಗಳು ಬೇರೆ. ಗೋವಾದ ಬಂಧುಗಳ ಕೊಂಕಣಿಯನ್ನು ನಾವು ಗೌರವಿಸುತ್ತೇವೆ. ಅದರ ವಿರುದ್ಧ ಇಲ್ಲಿ ಒಂದು ಮಾತೂ ಇಲ್ಲ. ಪ್ರಶ್ನೆ ಬೇರೆಯೇ ಇದೆ. ಯಂತ್ರ ಕಲಿಯುವುದು ಅಂತರ್ಜಾಲದಲ್ಲಿ ಈಗಾಗಲೇ ಇರುವ ಬರಹದಿಂದ. ಅಲ್ಲಿ ಯಾವ ಕೊಂಕಣಿ ಹೆಚ್ಚು ಇದೆಯೋ ಅದನ್ನೇ ಅದು ಕೊಂಕಣಿ ಎಂದು ತಿಳಿಯುತ್ತದೆ. ನಾಳೆ ಟೊರೊಂಟೊದಲ್ಲಿ ಬೆಳೆದ ನಮ್ಮ ಮೊಮ್ಮಗು ಯಂತ್ರವನ್ನು ಕೇಳಿ ಕೊಂಕಣಿ ಕಲಿತರೆ, ಬೆಳ್ಮಣ್ಣಿನ ಅಜ್ಜಿ ಆಡುವ ಮಾತು ಅದಕ್ಕೆ ತಪ್ಪಾಗಿ ಕೇಳಿಸಬಹುದು.

ನಮ್ಮಲ್ಲಿ ಬರಹವೇ ಇಲ್ಲವೆಂದಲ್ಲ. ನೂರು ವರ್ಷಕ್ಕೂ ಮಿಕ್ಕಿ ಬರೆದಿದ್ದೇವೆ. ಆದರೆ ಅದು ಯಂತ್ರದ ಕಣ್ಣಿಗೆ ಬೀಳುವ ಹಾಗಿಲ್ಲ. ಹಳೆಯದೆಲ್ಲ ಕಾಗದದ ಮೇಲಿದೆ. 1990ರ ದಶಕದಿಂದ ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿದ ಬರಹಗಳ ಕಥೆ ಇನ್ನೂ ವಿಚಿತ್ರ. ಆಗಿನ ಅನೇಕ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಕನ್ನಡ ಕಂಡರೂ ಗಣಕಯಂತ್ರದ ಲೆಕ್ಕದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಚಿಹ್ನೆಗಳು; ಹುಡುಕಿದರೆ ಸಿಗದು. ನಮ್ಮ ಎಷ್ಟೋ ಚರ್ಚುಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳು, ವಾರದ ಪತ್ರಗಳು, ಗಾಯನ ಮಂಡಳಿಯ ಹಾಡುಗಳು ಇಂತಹ ಕಡತಗಳಲ್ಲಿ, ಯಾವುದೋ ಹಳೆಯ ಸಿಡಿಯಲ್ಲಿ ಮಲಗಿವೆ.

ಪರಿಹಾರ ಇಲ್ಲದಿಲ್ಲ. ಕನ್ನಡ ಯುನಿಕೋಡ್‌ನಲ್ಲಿ ಆರಂಭದಿಂದಲೂ ಇದೆ. ಕರಾವಳಿಯವರೇ ಆದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡ ಬೆರಳಚ್ಚನ್ನು ಎಲ್ಲರಿಗೂ ಸುಲಭ ಮಾಡಿತು. ಹಳೆಯ ನುಡಿ, ಬರಹ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. 2015ರಿಂದ ಇರುವ ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್ ಲಿಪಿಗಳ ಜೊತೆ ಕನ್ನಡ ಲಿಪಿಗೂ ಸ್ಥಾನವಿದೆ. 2016ರಲ್ಲಿ ಸ್ವತಂತ್ರವಾಗಿ ನಿಂತ ತುಳು ವಿಕಿಪೀಡಿಯವನ್ನು ಕಟ್ಟಿದವರು ಸಂಬಳವಿಲ್ಲದೆ ದುಡಿದ ಕಾರ್ಯಕರ್ತರು. ಬಾಗಿಲು ತೆರೆದಿದೆ. ಒಳಗೆ ಹೋಗಬೇಕಾದವರು ನಾವು.

ಇದು ಭಾಷಾಭಿಮಾನಿಗಳ ಚಿಂತೆ ಮಾತ್ರ, ವಿಶ್ವಾಸಕ್ಕೇನು ಸಂಬಂಧ ಎನ್ನುವವರು ಶುಭಸಂದೇಶವನ್ನು ನೆನೆಯಲಿ. ಯಾಜಕನ ಮನೆಯ ಅಂಗಳದಲ್ಲಿ ಪೇತ್ರ ಸಿಕ್ಕಿಬಿದ್ದದ್ದು ಹೇಗೆ? ಅವನ ಮಾತಿನ ಧಾಟಿಯಿಂದಲೇ ಅವನು ಗಲಿಲಾಯದವನೆಂದು ಜನ ಗುರುತಿಸಿದರು. ಯೇಸುಸ್ವಾಮಿಯೂ ಅದೇ ನಾಡಿನಲ್ಲಿ ಬೆಳೆದವರು. ಜೆರುಸಲೇಮಿನವರ ಕಿವಿಗೆ ಒರಟಾಗಿ ಕೇಳಿಸಿದ ಆ ಹಳ್ಳಿಯ ಮಾತಿನಲ್ಲೇ ದೇವರ ರಾಜ್ಯದ ಸುದ್ದಿ ಮೊದಲು ಕೇಳಿಬಂತು. ಪೆಂತೆಕೋಸ್ತ್ ದಿನ ಪವಿತ್ರಾತ್ಮರು ಎಲ್ಲರನ್ನೂ ಒಂದೇ ಭಾಷೆಗೆ ಇಳಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹುಟ್ಟುನುಡಿಯಲ್ಲೇ ಕೇಳುವಂತೆ ಮಾಡಿದರು. ಮಗುವಿಗೆ ತಾಯಿ ಕಲಿಸಿದ ಮೊದಲ ಪ್ರಾರ್ಥನೆಯ ಮಾತು ಕಳೆದುಹೋದರೆ, ಆ ಪ್ರಾರ್ಥನೆಯೂ ಎಲ್ಲೋ ಸಡಿಲವಾಗುತ್ತದೆ.

ಸೃಜನಶೀಲತೆಗೆ ವೇದಿಕೆ ಸಿಕ್ಕಿದೆ, ಆದರೆ...

ಕೊಂಕಣಿ ಸಂಗೀತದ ಹೆಮ್ಮೆಯ ವಿಲ್ಫಿ ರೆಬಿಂಬಸ್ 2010ರಲ್ಲಿ ನಮ್ಮನ್ನು ಅಗಲಿದರು. ಅವರ ಕಾಲದಲ್ಲಿ ಒಂದು ಹಾಡು ಜನರಿಗೆ ತಲುಪಬೇಕಾದರೆ ಊರೂರು ತಿರುಗಿ ವೇದಿಕೆ ಏರಬೇಕಿತ್ತು, ಕ್ಯಾಸೆಟ್ ತರಬೇಕಿತ್ತು. ಮಾಂಡ್ ಸೊಭಾಣ್ ಸಂಸ್ಥೆ 2008ರಲ್ಲಿ 40 ಗಂಟೆ ನಿರಂತರ ಕೊಂಕಣಿ ಗಾಯನ ನಡೆಸಿ ಗಿನ್ನೆಸ್ ದಾಖಲೆ ಮಾಡಿದ್ದು ಕೂಡ ನೂರಾರು ಜನ ಒಂದೆಡೆ ಸೇರಿದ್ದರಿಂದ. ಇಂದು ಕಾರ್ಕಳದ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಹಾಡಿದ ಭಕ್ತಿಗೀತೆ ರಾತ್ರಿ ಬೆಳಗಾಗುವುದರೊಳಗೆ ಕುವೈಟಿಗೆ ಮುಟ್ಟಬಹುದು. ಯಾರ ಶಿಫಾರಸೂ ಬೇಕಿಲ್ಲ. ಈ ಸ್ವಾತಂತ್ರ್ಯ ಬಡವರ ಮಕ್ಕಳಿಗೆ ದೊಡ್ಡ ವರ.

ಆದರೆ ಈ ವೇದಿಕೆಯ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ಯಾವ ವಿಡಿಯೋವನ್ನು ನಾವು ಎಷ್ಟು ಸೆಕೆಂಡು ನೋಡಿದೆವು, ಎಲ್ಲಿ ನಿಲ್ಲಿಸಿದೆವು, ಯಾರಿಗೆ ಕಳುಹಿಸಿದೆವು ಎಂಬುದನ್ನೆಲ್ಲ ಯಂತ್ರ ಗಮನಿಸುತ್ತದೆ. ಯಾವುದು ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುವುದೋ ಅದರಂತಹುದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ನಮ್ಮ ಸಮಯವೇ ಅದರ ಸರಕು. ಆ ಸಮಯವನ್ನು ಜಾಹೀರಾತುದಾರರಿಗೆ ಮಾರಿ ಅದು ಬದುಕುತ್ತದೆ. ಹೀಗಾಗಿ ಹಾಡು ಕಟ್ಟುವವನು ಕ್ರಮೇಣ ತನ್ನ ಮನಸ್ಸಿನ ಮಾತನ್ನು ಬಿಟ್ಟು ಯಂತ್ರ ಮೆಚ್ಚುವುದನ್ನು ಕಟ್ಟತೊಡಗುತ್ತಾನೆ. ಓಡಿದ ಒಂದು ಧಾಟಿಯನ್ನು ಹತ್ತು ಜನ ಅನುಕರಿಸುತ್ತಾರೆ.

ನಮ್ಮ ರೋಸ್ ಸಮಾರಂಭವನ್ನೇ ನೋಡಿ. ಮದುವೆಯ ಹಿಂದಿನ ಸಂಜೆ ಮನೆಯವರು, ನೆರೆಯವರು ಸೇರಿ ವಧುವಿಗೆ ಅಥವಾ ವರನಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಆಶೀರ್ವದಿಸುವ ಪದ್ಧತಿ. ಹಿರಿಯ ಹೆಂಗಸರು ವೊವಿಯೊ ಹಾಡುತ್ತಿದ್ದರು. ಆ ಮನೆಯವರ ಹೆಸರು, ತೀರಿಕೊಂಡ ಹಿರಿಯರ ನೆನಪು, ತಂದೆತಾಯಿಯ ಕಣ್ಣೀರು ಎಲ್ಲವೂ ಆ ಹಾಡುಗಳಲ್ಲಿ ಸೇರಿಕೊಳ್ಳುತ್ತಿತ್ತು. ಆ ಮನೆಯ ವೊವಿಯೊ ಇನ್ನೊಂದು ಮನೆಗೆ ಹೊಂದುತ್ತಿರಲಿಲ್ಲ. ಈಗ ಅನೇಕ ಕಡೆ ರೋಸ್ ಎಂದರೆ ಕ್ಯಾಮೆರಾದ ಮುಂದೆ ನಡೆಯುವ ಪ್ರದರ್ಶನ. ಒಂದೇ ಬಣ್ಣದ ಉಡುಪು, ಒಂದೇ ಚಲನಚಿತ್ರ ಗೀತೆ, ಒಂದೇ ಕುಣಿತ. ಅಂತರ್ಜಾಲದಲ್ಲಿ ಎಲ್ಲೋ ನೋಡಿದ್ದರ ನಕಲು. ಖರ್ಚು ಹೆಚ್ಚಿತು, ಸಾಲ ಹೆಚ್ಚಿತು, ವೊವಿಯೊ ಬಲ್ಲ ಅಜ್ಜಿ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಾರೆ. ಸಂತೋಷ ಪಡಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಆ ಅಜ್ಜಿಯ ಜೊತೆ ಹೋಗುವುದು ಮರಳಿ ಬರುವುದಿಲ್ಲ.

ಇನ್ನೊಂದು ವಿಷಯ. ಈ ವೇದಿಕೆಗಳು ನಮ್ಮವಲ್ಲ. ಕರಾವಳಿಯ ರೈತರಿಗೆ ಮೂಲಗೇಣಿ, ಚಾಲಗೇಣಿಯ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಮೂಲಗೇಣಿ ಒಕ್ಕಲಿಗೆ ಜಮೀನಿನ ಮೇಲೆ ಶಾಶ್ವತ ಹಕ್ಕು. ಚಾಲಗೇಣಿಯವನು ಧಣಿ ಏಳು ಎಂದಾಗ ಏಳಬೇಕು. 1974ರ ಭೂಸುಧಾರಣೆ ನಮ್ಮ ಎಷ್ಟೋ ಕುಟುಂಬಗಳಿಗೆ ಆ ಭಯದಿಂದ ಬಿಡುಗಡೆ ಕೊಟ್ಟಿತು. ಅಂತರ್ಜಾಲದಲ್ಲಿ ನಾವೆಲ್ಲ ಮತ್ತೆ ಚಾಲಗೇಣಿ ಒಕ್ಕಲುಗಳಾಗಿದ್ದೇವೆ. ಉಚಿತ ಪುಟಗಳನ್ನು ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ಯುವಜನರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. 2020ರ ಜೂನ್ 29ರಂದು ಸರಕಾರದ ಒಂದೇ ಆದೇಶದಿಂದ ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಂತುಹೋಯಿತು. ಆ ಆದೇಶಕ್ಕೆ ಅದರದೇ ಕಾರಣಗಳಿದ್ದವು. ಆದರೆ ಅಲ್ಲಿ ಹಾಡಿ, ನಟಿಸಿ ಹೆಸರು ಮಾಡಿದ್ದ ಹಳ್ಳಿಯ ಕಲಾವಿದರ ಅಂಗಳ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು ಎಂಬುದೂ ನಿಜ. ತನ್ನ ಚರಿತ್ರೆಯನ್ನೆಲ್ಲ ಪರರ ಅಂಗಳದಲ್ಲಿ ಇಟ್ಟ ಚರ್ಚ್ ಕೂಡ ಇದೇ ಅಪಾಯದಲ್ಲಿದೆ.

ನಾನು ಯಾರು?

ಭಾಷೆ, ಹಾಡುಗಳಿಗಿಂತ ಆಳದ ಪ್ರಶ್ನೆ ವ್ಯಕ್ತಿತ್ವದ್ದು. ಫೇಸ್‌ಬುಕ್‌ನಲ್ಲಿ 'ಲೈಕ್' ಗುಂಡಿ ಬಂದದ್ದು 2009ರಲ್ಲಿ. ಸಣ್ಣ ಸಂಗತಿ ಎನಿಸಬಹುದು. ಆದರೆ ಒಬ್ಬರ ಮುಖ, ಮಾತು, ಊಟ, ಮದುವೆ, ದುಃಖ ಎಲ್ಲಕ್ಕೂ ಎಲ್ಲರೆದುರು ಅಂಕ ಕೊಡುವ ಪದ್ಧತಿ ಇದರಿಂದ ಗಟ್ಟಿಯಾಯಿತು. ಹದಿನೈದು ವರ್ಷದ ಹುಡುಗಿ ತನ್ನ ಭಾವಚಿತ್ರ ಹಾಕಿ ಎಷ್ಟು ಜನ ಮೆಚ್ಚಿದರೆಂದು ನಿಮಿಷಕ್ಕೊಮ್ಮೆ ನೋಡುವಾಗ, 'ನಾನು ಯಾರು' ಎಂಬ ಪ್ರಶ್ನೆಯನ್ನು ಆಕೆ ಕೇಳುತ್ತಿರುವುದು ಅಪರಿಚಿತರ ಹತ್ತಿರ. ಮುಖವನ್ನು ತಿದ್ದುವ ತಂತ್ರಾಂಶಗಳು ಬಂದ ಮೇಲೆ ತನ್ನದೇ ಕನ್ನಡಿ ಅವಳಿಗೆ ಶತ್ರುವಾಗಿದೆ. ಪಾಪನಿವೇದನೆಯ ಪೀಠದಲ್ಲಿ, ಆಪ್ತ ಸಮಾಲೋಚನೆಯಲ್ಲಿ ಕುಳಿತುಕೊಳ್ಳುವ ಗುರುಗಳಿಗೂ ಭಗಿನಿಯರಿಗೂ ಈ ನೋವು ಹೊಸದಲ್ಲ.

ದೊಡ್ಡವರು ಇದರಿಂದ ಹೊರತಲ್ಲ. ಎದುರಿಗೆ ಸೌಮ್ಯವಾಗಿ ಮಾತಾಡುವವರು ವಾಟ್ಸಾಪ್ ಗುಂಪಿನಲ್ಲಿ ಪಕ್ಕದ ವಾಳೆಯವರನ್ನು, ಚರ್ಚ್ ಪಾಲನಾ ಮಂಡಳಿಯನ್ನು, ಅನ್ಯಧರ್ಮದ ನೆರೆಯವರನ್ನು ಕಟುವಾಗಿ ನಿಂದಿಸುತ್ತಾರೆ. ಒಬ್ಬನೇ ಮನುಷ್ಯನಿಗೆ ಎರಡು ಮುಖ. ನಮ್ಮ ಕರಾವಳಿಯಲ್ಲಿ ಇದರ ಬೆಲೆ ದೊಡ್ಡದು. ಎಲ್ಲಿಯದೋ ಹಳೆಯ ವಿಡಿಯೋವನ್ನು ಇಂದಿನದೆಂದು ಹಂಚಿದರೆ ಇಲ್ಲಿ ಅಂಗಡಿ ಬಾಗಿಲು ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರು ಉದ್ವಿಗ್ನವಾದಾಗ ಮೊಬೈಲ್ ಅಂತರ್ಜಾಲವನ್ನೇ ನಿಲ್ಲಿಸಲಾಗಿತ್ತು. ಪೋಪ್ ಫ್ರಾನ್ಸಿಸ್ 2018ರ ಸಂಪರ್ಕ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ವಿಷಯಕ್ಕೇ ಮೀಸಲಿಟ್ಟಿದ್ದರು. ವ್ಯಾಟಿಕನ್ನಿನ ಸಂಪರ್ಕ ವಿಭಾಗ 2023ರಲ್ಲಿ ಪ್ರಕಟಿಸಿದ ಚಿಂತನೆಯ ಕೇಂದ್ರದಲ್ಲಿ ಇರುವುದು ದಯಾಳು ಸಮಾರಿಯದವನ ಸಾಮತಿ. ಜಾಲದ ಹಾದಿಯಲ್ಲಿ ಗಾಯಗೊಂಡು ಬಿದ್ದವನು ಯಾರು, ನೋಡಿಯೂ ದಾಟಿ ಹೋದವರು ಯಾರು ಎಂಬ ಪ್ರಶ್ನೆ ನಮ್ಮೆದುರಿಗಿದೆ.

ಈಗ ಕೃತಕ ಬುದ್ಧಿಮತ್ತೆ ಒಬ್ಬರ ಮುಖವನ್ನೂ ಧ್ವನಿಯನ್ನೂ ಅವರ ಅನುಮತಿಯಿಲ್ಲದೆ ಸೃಷ್ಟಿಸಬಲ್ಲದು. ಮಗನ ಧ್ವನಿಯಲ್ಲಿ ಕರೆ ಮಾಡಿ ಊರಿನ ತಂದೆಯಿಂದ ಹಣ ಕಸಿಯಲು ವಂಚಕರಿಗೆ ಇಂದು ಸಾಧ್ಯ. ಮಕ್ಕಳು ವಿದೇಶದಲ್ಲಿರುವ ನಮ್ಮ ಮನೆಗಳಿಗೆ ಇದು ದೂರದ ಮಾತಲ್ಲ. ಪೋಪರು ಧ್ವನಿ ಮತ್ತು ಮುಖ ಎಂಬ ಎರಡು ಪದಗಳನ್ನೇ ಯಾಕೆ ಆರಿಸಿಕೊಂಡರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕ್ರೈಸ್ತ ವಿಶ್ವಾಸದಲ್ಲಿ ಮನುಷ್ಯನ ಗುರುತು ಅವನೇ ಕಟ್ಟಿಕೊಂಡ ವೇಷವಲ್ಲ, ಲೋಕ ಕೊಟ್ಟ ಅಂಕವೂ ಅಲ್ಲ. ದೇವರು ಹೆಸರು ಹಿಡಿದು ಕರೆದದ್ದರಿಂದ ಅದು ನಮಗೆ ಸಿಕ್ಕಿದೆ. ಜ್ಞಾನಸ್ನಾನದ ದಿನ ಗುರುಗಳು ಮೊದಲು ಕೇಳುವುದೇ ಮಗುವಿನ ಹೆಸರನ್ನು.

ಕಾರ್ಲೊ ತೋರಿಸಿದ ದಾರಿ

2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಸಂತ ಪದವಿಗೇರಿಸಿದ ಕಾರ್ಲೊ ಅಕುಟಿಸ್ ನಮ್ಮ ಮಕ್ಕಳ ಕಾಲದ ಹುಡುಗ. ಹುಟ್ಟಿದ್ದು 1991ರಲ್ಲಿ ಲಂಡನ್‌ನಲ್ಲಿ, ಬೆಳೆದದ್ದು ಇಟಲಿಯ ಮಿಲಾನಿನಲ್ಲಿ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 15. ಗಣಕಯಂತ್ರದ ತಂತ್ರಾಂಶ ಬರೆಯುವುದನ್ನು ತಾನಾಗಿ ಕಲಿತ. ಜಗತ್ತಿನ ನಾನಾ ಕಡೆ ನಡೆದ ಪರಮಪ್ರಸಾದದ ಅದ್ಭುತಗಳ ಮಾಹಿತಿಯನ್ನು ಕಲೆಹಾಕಿ ಪ್ರದರ್ಶನವಾಗಿ ಜೋಡಿಸಿ ಅಂತರ್ಜಾಲದಲ್ಲಿ ಇಟ್ಟ. ದಿನವೂ ಪೂಜೆಗೆ ಹೋಗುತ್ತಿದ್ದ. ವಿಡಿಯೋ ಆಟಕ್ಕೆ ವಾರಕ್ಕೆ ಒಂದು ಗಂಟೆಯ ಮಿತಿಯನ್ನು ತಾನೇ ಹಾಕಿಕೊಂಡಿದ್ದ ಎಂದು ಅವನ ತಾಯಿ ನೆನೆಯುತ್ತಾರೆ.

ಪೋಪ್ ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದ ಪತ್ರದಲ್ಲಿ ಇವನನ್ನೇ ಮಾದರಿಯಾಗಿ ಕೊಟ್ಟರು. ಎಲ್ಲರೂ ಅಸಲಿಯಾಗಿ ಹುಟ್ಟಿದರೂ ಅನೇಕರು ನಕಲು ಪ್ರತಿಗಳಾಗಿ ಸಾಯುತ್ತಾರೆ ಎಂಬ ಕಾರ್ಲೊನ ಚಿಂತನೆಯನ್ನು ಅವರು ಅಲ್ಲಿ ನೆನಪಿಸಿದ್ದಾರೆ. ರೋಸ್‌ನ ಕುಣಿತದಿಂದ ಹಿಡಿದು ಯುವಕರ ಕೇಶ ವಿನ್ಯಾಸದವರೆಗೆ ಎಲ್ಲವೂ ನಕಲಾಗುತ್ತಿರುವ ದಿನಗಳಲ್ಲಿ ಈ ಮಾತು ನಮ್ಮನ್ನು ತಟ್ಟಬೇಕು. ಕಾರ್ಲೊ ಯಂತ್ರವನ್ನು ಬಿಟ್ಟು ಓಡಲಿಲ್ಲ, ಅದರ ಗುಲಾಮನೂ ಆಗಲಿಲ್ಲ. ತನಗೆ ಪ್ರಿಯವಾದದ್ದು ಏನೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಯಂತ್ರ ಅದಕ್ಕೆ ದುಡಿಯಿತು. ನಮ್ಮ ಮಕ್ಕಳಿಗೆ ಪ್ರಿಯವಾದದ್ದು ಏನೆಂದು ತಿಳಿಯುವ ಮೊದಲೇ ನಾವು ಯಂತ್ರವನ್ನು ಅವರ ಕೈಗೆ ಕೊಡುತ್ತಿದ್ದೇವೆ. ವ್ಯತ್ಯಾಸ ಇರುವುದು ಇಲ್ಲಿ.

ನಮ್ಮ ಚರ್ಚುಗಳಲ್ಲಿ ಏನು ಮಾಡಬಹುದು?

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ಕಾನೂನಿನಿಂದ ತಡೆದಿದೆ. ಕಾನೂನುಗಳು ಬರಲಿ. ಆದರೆ ಸರಕಾರಕ್ಕಾಗಿ ಕಾಯದೆ ನಮ್ಮ ಕೈಯಲ್ಲೇ ಆಗುವ ಕೆಲಸಗಳಿವೆ.

ಒಂದು, ಪ್ರತಿ ಚರ್ಚ್ ತನ್ನ ಸ್ಮರಣ ಸಂಚಿಕೆ, ಹಳೆಯ ಹಾಡು, ಪತ್ರಗಳನ್ನು ಹುಡುಕಿ ಯುನಿಕೋಡ್ ಕನ್ನಡದಲ್ಲಿ ಉಳಿಸಲಿ. ಅದರ ಒಂದು ಪ್ರತಿ ಚರ್ಚಿನಲ್ಲೇ ಇರಲಿ. ಬೇರೆಯವರ ವೇದಿಕೆಯನ್ನು ಮಾತ್ರ ನಂಬುವುದು ಬೇಡ.

ಎರಡು, ಐಸಿವೈಎಂ ಘಟಕಗಳು ವಾಳೆವಾರು ಹೋಗಿ ವೊವಿಯೊ, ಗುಮಟೆಯ ಪದ, ಹಳೆಯ ಜಪ, ಗಾದೆಗಳನ್ನು ಬಲ್ಲ ಹಿರಿಯರ ಧ್ವನಿಯನ್ನು ಧ್ವನಿಮುದ್ರಣ ಮಾಡಲಿ. ಮೊಬೈಲ್ ಸಾಕು, ಬೇರೆ ಖರ್ಚಿಲ್ಲ. ಇದು ಈ ವರ್ಷವೇ ಆಗಬೇಕಾದ ಕೆಲಸ. ಮುಂದಿನ ವರ್ಷ ಆ ಧ್ವನಿಗಳಲ್ಲಿ ಕೆಲವು ಇರಲಿಕ್ಕಿಲ್ಲ.

ಮೂರು, ಮಕ್ಕಳ ಭಾವಚಿತ್ರಗಳನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಜಾಲದಲ್ಲಿ ಹಾಕಬಾರದು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಪ್ರಥಮ ಪರಮಪ್ರಸಾದದ ಮಗು ಜಾಹೀರಾತಲ್ಲ. ಅಂತ್ಯಕ್ರಿಯೆಯಲ್ಲಿ ಅಳುವವರ ಮುಖದೆದುರು ಕ್ಯಾಮೆರಾ ಹಿಡಿಯುವಾಗಲೂ ಮನೆಯವರನ್ನು ಕೇಳುವ ಸೌಜನ್ಯ ಬೇಕು.

ನಾಲ್ಕು, ಕ್ರೈಸ್ತ ಶಿಕ್ಷಣದ ತರಗತಿಗಳಲ್ಲಿ ಈ ವಿಷಯಕ್ಕೆ ಸ್ಥಾನ ಸಿಗಲಿ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನೋಡದೆ ಮುಂದೆ ಕಳುಹಿಸುವ ಸಂದೇಶಕ್ಕೂ ಅನ್ವಯಿಸುತ್ತದೆ ಎಂದು ಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ಹೆತ್ತವರಿಗೂ ತಿಳಿಸಬೇಕಾಗಿದೆ. ಹಣ ಕೇಳುವ ಕರೆ ಮಗನದೇ ಧ್ವನಿಯಾದರೂ ಒಮ್ಮೆ ಇಟ್ಟು, ಮಗನ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂದು ಹಿರಿಯರಿಗೆ ವಾಳೆಯ ಸಭೆಯಲ್ಲಿ ಹೇಳಿಕೊಡಲಿ.

ಐದು, ಸಂಜೆಯ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅಪ್ಪ-ಅಮ್ಮನ ಮೊಬೈಲ್ ಮೊದಲು ಅಲ್ಲಿಗೆ ಹೋಗಲಿ. ಮಕ್ಕಳದ್ದು ಹಿಂದಿನಿಂದ ಬಂದೀತು. ಆ ಅರ್ಧ ಗಂಟೆ ಒಬ್ಬರು ಇನ್ನೊಬ್ಬರ ಮುಖ ನೋಡುವುದಕ್ಕೂ ಇರಲಿ.

ಪ್ರಿಯ ಓದುಗರೇ, ಅಂತರ್ಜಾಲವನ್ನು ಶಪಿಸುವುದರಿಂದ ಏನೂ ಆಗದು. ಈ ಲೇಖನ ನಿಮ್ಮನ್ನು ತಲುಪಿರುವುದೂ ಅದರಿಂದಲೇ. ಫಾದರ್ ಮಾಫೆಯಿ ಅಚ್ಚುಕೂಟದ ಮುಂದೆ ನಿಂತಾಗ ಅವರ ಕೈಯಲ್ಲಿ ಜನರ ಮಾತಿತ್ತು. ಅದನ್ನು ಕೇಳಿ, ಬರೆದು, ವರ್ಷಗಟ್ಟಲೆ ದುಡಿದು ಅವರು ಯಂತ್ರಕ್ಕೆ ಕೊಟ್ಟರು. ಇಂದಿನ ಯಂತ್ರಕ್ಕೆ ಕೊಡಲು ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಪ್ರತಿ ಮನೆಯೂ ಪ್ರತಿ ಚರ್ಚೂ ಕೇಳಿಕೊಳ್ಳಲಿ. ಕೊಡುವುದಕ್ಕೆ ನಮ್ಮದೇ ಆದ ಮಾತು, ಹಾಡು, ವಿಶ್ವಾಸ ಇದ್ದರೆ ನಮ್ಮ ಮುಖವೂ ಧ್ವನಿಯೂ ಉಳಿಯುತ್ತವೆ. ಸಂತ ಕಾರ್ಲೊ ನಮ್ಮ ಯುವಜನರಿಗಾಗಿ ಪ್ರಾರ್ಥಿಸಲಿ.